ಹಗ್ಗ ಬಿಟ್ಟ ಸರೋಜ

ಹುಣಸೆಕೊಪ್ಪದ ಸರೋಜಳಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಆಟದ ಹುಚ್ಚು ಹಿಡಿಯಿತು ಎಂದರೆ ನೀವು ನಂಬಬೇಕಿಲ್ಲ. ಅವಳೇ ನಂಬಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಖೋ ಖೋ ಆಡಿದ್ದೇ ಕೊನೆ. ಆಮೇಲೆ ಓಡಿದ್ದೆಲ್ಲ ಕಣ್ಣಿ ಕಿತ್ತುಕೊಂಡ ದನದ ಹಿಂದೆ, ಇಲ್ಲವೇ ಹೊರಟೇಬಿಟ್ಟ ಬಸ್ಸಿನ ಹಿಂದೆ. ಕೊಪ್ಪದ ಕಡೆಯಿಂದ ಮದುವೆಯಾಗಿ ನರಸಿಂಹರಾಜಪುರದ ಹತ್ತಿರದ ಈ ಊರಿಗೆ ಬಂದವಳು, ಗಂಡ ಬೈರಪ್ಪನ ಜೊತೆ ಒಂದೂವರೆ ಎಕರೆ ಗದ್ದೆ ಮಾಡಿಕೊಂಡು, ಮಕ್ಕಳಿಬ್ಬರನ್ನು ಶಾಲೆಗೆ ಕಳಿಸಿಕೊಂಡು, ಯಾರ ಬಾಯಿಗೂ ಬೀಳದೆ ಇದ್ದಳು.

ಬಾಯಿಗೆ ಬಿದ್ದದ್ದು ಎರಡು ಸಾವಿರದ ಐದನೆಯ ಇಸವಿಯ ಆಗಸ್ಟ್ ಹದಿನೈದರಂದು. ಆ ವರ್ಷ ನರಸಿಂಹರಾಜಪುರ ಪೇಟೆಯ ಯುವಕ ಸಂಘದವರು ಕೆಸರುಗದ್ದೆ ಕ್ರೀಡಾಕೂಟ ಇಟ್ಟರು. ಗಂಡಸರಿಗೆ ಓಟ, ವಾಲಿಬಾಲ್ ಎಂದೆಲ್ಲ ಏನೇನೋ. ಹೆಂಗಸರಿಗೆ ಹಗ್ಗಜಗ್ಗಾಟ. ಒಂದು ಊರಿನಿಂದ ಎಂಟು ಜನ. ಹುಣಸೆಕೊಪ್ಪದಲ್ಲಿ ಎಂಟು ಜನರನ್ನು ಹುಡುಕುವ ತಾಪತ್ರಯವೇ ಇರಲಿಲ್ಲ, ಏಕೆಂದರೆ ಅಲ್ಲಿ ನಾಟಿಗೆ ಹೋಗುವ ಮುಯ್ಯಾಳಿನವರೇ ಎಂಟು ಹೆಂಗಸರು. ಮುಯ್ಯಾಳೆಂದರೆ ಇವತ್ತು ನಾವೆಲ್ಲ ನಿನ್ನ ಗದ್ದೆಗೆ, ನಾಳೆ ನೀವೆಲ್ಲ ನನ್ನ ಗದ್ದೆಗೆ. ಕೂಲಿಯ ಮಾತೇ ಇಲ್ಲ. ಸಾಲಿನ ಯಜಮಾನಿಕೆ ಕಲ್ಲಮ್ಮನದು. ಐವತ್ತರ ಹತ್ತಿರದ ಗಟ್ಟಿಗಿತ್ತಿ. ಅವಳ ಬಲಗೈ ಸಸಿ ಊರುವುದನ್ನು ನೋಡಲೆಂದೇ ದಾರಿಹೋಕರು ಬದುವಿನ ಮೇಲೆ ನಿಲ್ಲುತ್ತಿದ್ದರು. ನಾಲಿಗೆಯೂ ಅಷ್ಟೇ ಚುರುಕು, ಅದನ್ನು ಕೇಳಲು ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ.

ಆ ದಿನದ ಖುಷಿಯನ್ನು ಸರೋಜ ಇವತ್ತಿಗೂ ಹೇಳುತ್ತಾಳೆ. ಮದುವೆಯಿಲ್ಲ, ಸಾವಿಲ್ಲ, ಆಸ್ಪತ್ರೆಯಿಲ್ಲ. ಎಂಟು ಹೆಂಗಸರು ಸುಮ್ಮನೆ ಆಡುವುದಕ್ಕೆಂದೇ ಮನೆ ಬಿಟ್ಟು ಹೊರಟಿದ್ದರು! ಬಸ್ಸು ಸಿಗುವ ರಸ್ತೆಯವರೆಗೆ ಕಾಡಿನ ದಾರಿ. ಕಾಲಿಟ್ಟಲ್ಲೆಲ್ಲ ರಕ್ತ ಹೀರುವ ಇಂಬಳ. ಗದ್ದೆಯಲ್ಲಿ ಹಾವು ಕಂಡರೂ ಹೆದರದ ಕಲ್ಲಮ್ಮ ಇಂಬಳವೆಂದರೆ ಮಾತ್ರ ಮಗುವಿನ ಹಾಗೆ ಕಿರುಚುತ್ತಿದ್ದಳು. ಸರೋಜ ಎಣ್ಣೆಗೆ ಸುಣ್ಣ, ಹೊಗೆಸೊಪ್ಪು ಕಲಸಿ ತಂದಿದ್ದಳು. ಕೂತು, ಕಲ್ಲಮ್ಮನ ಪಾದದಿಂದ ಮೊಣಕಾಲಿನವರೆಗೆ ಚೆನ್ನಾಗಿ ತಿಕ್ಕಿ ತಿಕ್ಕಿ ಹಚ್ಚಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನೀರಲ್ಲಿ ತೊಳೆದರೂ ಹೋಗದ ಆ ಎಣ್ಣೆ ಸೆರಗಿಗೆ ಹೋದೀತೇ?

ಮೊದಲ ಎರಡು ಊರುಗಳನ್ನು ಎಳೆದು ಬಿಸಾಕಿದರು. ಮೂರನೆಯದರಲ್ಲಿ ಗುಂಪು ಸೇರಿದ ಗಂಡಸರು "ಜಗ್ಗೀ, ಜಗ್ಗೀ" ಎಂದು ಕಿರುಚಿದ್ದಕ್ಕೆ ಇವರೂ ಮೈಮರೆತು ಒಬ್ಬೊಬ್ಬರು ಒಂದೊಂದು ಕಡೆಯಿಂದ ಜಗ್ಗತೊಡಗಿದರು. ಹಗ್ಗ ಒದ್ದೆ, ಕೈ ಎಣ್ಣೆ. ಕೊನೆಯಿಂದ ಎರಡನೆಯವಳಾಗಿ ನಿಂತಿದ್ದ ಸರೋಜಳ ಹಿಡಿತ ಸರ್ರನೆ ಜಾರಿತು. ಅವಳು ಹಿಂದಕ್ಕೆ ಮಗುಚಿ ಕಲ್ಲಮ್ಮನ ಮೇಲೆ ಬಿದ್ದಳು. ಕಲ್ಲಮ್ಮ ದನ ಹಿಡಿದ ಅಭ್ಯಾಸದಲ್ಲಿ ಹಗ್ಗವನ್ನು ಬಲಗೈಯ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಆಚೆಯವರು ಎಳೆಯುತ್ತಲೇ ಇದ್ದರು. ಮೂಳೆ ಮುರಿದ ಸದ್ದು ಸರೋಜಳ ಕಿವಿಗೆ ಕೇಳಿಸಿತು.

ನೋಡಿ, ಜೊತೆಯಾಗಿ ಆಡುವುದರಲ್ಲಿ ಇದೊಂದು ಕಷ್ಟ. ಗೆದ್ದರೆ ಎಂಟು ಜನ ಗೆದ್ದರು ಅನ್ನುತ್ತಾರೆ. ಸೋತರೆ ಒಬ್ಬರನ್ನು ಹುಡುಕುತ್ತಾರೆ. ಹುಡುಕುವುದಕ್ಕೆ ಇಲ್ಲಿ ಕಷ್ಟವೇನೂ ಪಡಬೇಕಿರಲಿಲ್ಲ. "ಸರೋಜ ಹಗ್ಗ ಬಿಟ್ಟಳು" ಎಂಬ ಮಾತು ಬಸ್ಸಿಗಿಂತ ಮೊದಲೇ ಊರು ಸೇರಿತ್ತು.

ಆ ವರ್ಷ ನಾಟಿಯ ಸರದಿಯಲ್ಲಿ ಸರೋಜಳ ಗದ್ದೆಯೇ ಕೊನೆಯದು. ಅವಳು ಏಳು ಮನೆಯ ಗದ್ದೆಗೂ ಸೊಂಟ ಬಗ್ಗಿಸಿ ಬಂದಿದ್ದಳು. ಆಗಸ್ಟ್ ಹದಿನಾರರ ಬೆಳಿಗ್ಗೆ ಅನ್ನ, ಹುರುಳಿ ಸಾರು ಮಾಡಿಟ್ಟು, ಸಸಿ ಕಿತ್ತು ಕಟ್ಟಿಟ್ಟು, ಗದ್ದೆಯಲ್ಲಿ ಕಾದಳು. ಒಬ್ಬರೂ ಬರಲಿಲ್ಲ. ಅಂಗಳ ಗುಡಿಸುತ್ತಿದ್ದ ಸೀತಕ್ಕ, ಅದೇ ಸಾಲಿನವಳು, ತಲೆ ಎತ್ತದೆ "ನಂಗೆ ಮೈ ಸರಿ ಇಲ್ಲ ಮಾರಾಯ್ತಿ" ಎಂದಳು. ಕೈ ಮುರಿದ ಕಲ್ಲಮ್ಮನನ್ನು ಬಿಟ್ಟರೂ ಉಳಿದ ಆರು ಜನಕ್ಕೂ ಒಂದೇ ದಿನ ಮೈ ಸರಿಯಿರಲಿಲ್ಲ!

"ಎಣ್ಣೆ ವಿಷಯ ಹೇಳೇ" ಎಂದು ಬೈರಪ್ಪ ಹೇಳಿ ಹೇಳಿ ಸೋತ. "ನಿನ್ನ ತಪ್ಪು ಎಂತದ್ದು ಅದ್ರಲ್ಲಿ?"

"ಕೈ ಮುರ್ಕೊಂಡು ಮಲಗಿರೋಳ ಹತ್ರ ಹೋಗಿ, ನಿನ್ನ ಕಾಲಿಂದಲೇ ನಿನ್ನ ಕೈ ಮುರೀತು ಅನ್ನಲಾ? ನನ್ನ ಕೈಲಾಗಲ್ಲ."

ಗಂಡ ಹೆಂಡತಿ ಇಬ್ಬರೇ ಒಂಬತ್ತು ದಿನ ನೆಟ್ಟರು. ಸಸಿ ಬಲಿತು ಹೋಗಿತ್ತು, ಬೆಳೆ ಅರ್ಧಕ್ಕರ್ಧ ಬಂತು. ಸರೋಜಳಿಗೆ ಭತ್ತದ ಚಿಂತೆಗಿಂತ ಹೆಚ್ಚಾಗಿ ಸುಟ್ಟದ್ದು ಆ ಒಂಬತ್ತು ದಿನದ ಮೌನ. ನಾಟಿ ಮಾಡುವವರು ಹಿಂದೆ ಹಿಂದೆ ನಡೆಯಬೇಕು. ಸಾಲಿನಲ್ಲಿದ್ದಾಗ ಕಲ್ಲಮ್ಮ ಪ್ರತಿ ಸಾಲಿಗೂ "ಸರೀ...ರೇ" ಎಂದು ಉದ್ದಕ್ಕೆ ಕೂಗುತ್ತಿದ್ದಳು, ಎಂಟು ಜನರ ಹದಿನಾರು ಕಾಲು ಕೆಸರಿನಿಂದ ಒಟ್ಟಿಗೇ ಎದ್ದು ಒಟ್ಟಿಗೇ ಹಿಂದಕ್ಕೆ ಸರಿಯುತ್ತಿದ್ದವು. ಆಗ ಕೆಸರು ಇದೆ ಎಂಬುದೇ ಮರೆತು ಹೋಗುತ್ತಿತ್ತು. ಈಗ ಒಂದೊಂದು ಹೆಜ್ಜೆಯನ್ನೂ ಕಿತ್ತು ಕಿತ್ತು ಇಡಬೇಕಾಯಿತು. ಒಂದು ಮಧ್ಯಾಹ್ನ ಅವಳು ನಡುಗದ್ದೆಯಲ್ಲಿ ನಿಂತು ಗಟ್ಟಿಯಾಗಿ ಅತ್ತಳು. ಬೈರಪ್ಪ ಸಸಿಯ ಕಟ್ಟು ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತುಬಿಟ್ಟ.

ಮಾರನೆಯ ವರ್ಷ ಮುಯ್ಯಾಳಿಗೆ ಅವಳನ್ನು ಯಾರೂ ಕರೆಯಲಿಲ್ಲ. ಕಲ್ಲಮ್ಮನೂ ಗದ್ದೆಗಿಳಿಯಲಿಲ್ಲ. ಮೂಳೆ ಸೊಟ್ಟಗೆ ಕೂಡಿ, ಬಲಗೈ ಸಸಿ ಊರಲು ಬಾರದಂತಾಗಿತ್ತು. ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಎಲ್ಲರನ್ನೂ ಬೈಯುವುದೊಂದೇ ಅವಳಿಗೆ ಉಳಿದದ್ದು.

ಆಗಸ್ಟ್ ಹದಿನೈದಕ್ಕೆ ಹತ್ತು ದಿನ ಇರುವಾಗ ಅದೇ ಕಲ್ಲಮ್ಮ ಸರೋಜಳ ಅಂಗಳಕ್ಕೆ ಬಂದಳು. ಸರೋಜಳ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

"ನಾನೇನು ನಿನ್ನ ಹತ್ರ ರಾಜಿಗೆ ಬಂದಿದ್ದಲ್ಲ" ಎಂದಳು ಕಲ್ಲಮ್ಮ, ಜಗಲಿಯನ್ನೂ ಹತ್ತದೆ. "ನನ್ನ ಜಾಗಕ್ಕೆ ಪಕ್ಕದ್ಮನೆ ಸೊಸೆ ಬಂದ್ಲು. ನಿನ್ನ ಜಾಗಕ್ಕೆ ಸೇರಿಸ್ಕೊಂಡವಳು ಬಾಣಂತನಕ್ಕೆ ತವರಿಗೆ ಹೋದ್ಲು. ಒಂದು ಜನ ಕಡಿಮೆ ಬಿದ್ದಿದೆ. ಬರ್ತೀಯೋ ಇಲ್ವೋ, ಅಷ್ಟು ಹೇಳು."

ಸರೋಜ ಚೊಂಬನ್ನು ಕೆಳಗಿಟ್ಟಳು. "ಬರ್ತೀನಿ ಕಲ್ಲಕ್ಕ. ಆದ್ರೆ ಕೊನೆಗೆ ನಿಲ್ಲೋಳು ನಾನು. ನನ್ನ ಹಿಂದೆ ಯಾರೂ ಬೇಡ, ಬಿದ್ರೆ ನಾನೊಬ್ಳೇ ಬೀಳ್ತೀನಿ. ಮತ್ತೆ, ಕೂಗು ಕೊಡೋಕೆ ಹೊರಗೆ ನೀನು ನಿಲ್ಲಬೇಕು."

"ನಾನು? ಗಂಡಸ್ರ ಹಾಗೆ ಜಗ್ಗೀ ಅಂತ ಅರಚಲಾ?"

"ಅದಲ್ಲ. ನಾಟಿ ಕೂಗು. ಕಲ್ಲಕ್ಕ, ನಾವು ವರ್ಷ ವರ್ಷ ಕೆಸರಲ್ಲಿ ಹಿಂದೆ ನಡೆಯೋರು. ಹಗ್ಗ ಎಳೆಯೋದು ಅಂದ್ರೂ ಕೆಸರಲ್ಲಿ ಹಿಂದೆ ನಡೆಯೋದೇ ತಾನೇ? ನಾವ್ಯಾಕೆ ಹೋದ ವರ್ಷ ಎಲ್ಲ ಬಿಟ್ಟು ಜಗ್ಗೋಕೆ ಹೋದ್ವಿ?"

ಕಲ್ಲಮ್ಮ ಬಾಯಿ ತೆರೆದಳು, ಬೈಗುಳ ಸಿಗಲಿಲ್ಲ, ಮುಚ್ಚಿದಳು. ಅವಳ ಬಾಯಿಗೆ ಹಾಗಾದದ್ದನ್ನು ಬೈರಪ್ಪ ಅದೇ ಮೊದಲ ಸಲ ನೋಡಿದ್ದಂತೆ.

ಅಭ್ಯಾಸಕ್ಕೆ ಎದುರಾಳಿ ಬೇಕಲ್ಲ? ಬೈರಪ್ಪ ತನ್ನ ಟಿಲ್ಲರನ್ನು ಗದ್ದೆಗಿಳಿಸಿ, ಹಗ್ಗ ಕಟ್ಟಿ, ಸೀಟಿನ ಮೇಲೆ ರಾಜನಂತೆ ಕೂತ. "ನನ್ನನ್ನೂ ಸೇರಿಸಿ ಎಳೀರಿ, ನೋಡೋಣ" ಎಂದ. ಮೊದಲ ದಿನ ಟಿಲ್ಲರ್ ಅಲುಗಲಿಲ್ಲ. ಎರಡನೆಯ ದಿನ ಸೀತಕ್ಕ "ಹಗ್ಗ ಬಿಟ್ಟವಳ ಮುಂದೆ ನಾನು ನಿಲ್ಲಲ್ಲ" ಎಂದು ಬದು ಹತ್ತಿ ಹೊರಟಳು. ಕಲ್ಲಮ್ಮ ಬದುವಿನಿಂದಲೇ "ಮುರಿದದ್ದು ನನ್ನ ಕೈ. ಸಿಟ್ಟು ಮಾಡೋದಿದ್ರೆ ನಾನು ಮಾಡ್ತೀನಿ, ನೀನು ಇಳಿಯೇ" ಎಂದು ಗದರಿದಳು. ಸೀತಕ್ಕ ಇಳಿದಳು. ಐದನೆಯ ದಿನ, "ಸರೀ...ರೇ" ಎಂಬ ಕೂಗಿಗೆ ಹದಿನಾರು ಕಾಲು ಒಟ್ಟಿಗೇ ಎದ್ದವು ನೋಡಿ, ಟಿಲ್ಲರ್ ಬುಳಕ್ಕೆಂದು ಕೆಸರಿನಿಂದ ಕಿತ್ತುಕೊಂಡು ಬಂತು. ಬೈರಪ್ಪ ಸೀಟಿನಿಂದ ಉರುಳಿ ಮೂಗಿನವರೆಗೆ ಕೆಸರಾಗಿ ಎದ್ದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರೋಜಳೂ ನಕ್ಕಳು. ಒಂದು ವರ್ಷದ ಮೇಲೆ ಆ ಗುಂಪಿನೊಳಗೆ ನಿಂತು ನಗುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು. ಆದರೂ ಅಭ್ಯಾಸ ಮುಗಿದ ಮೇಲೆ ಏಳೂ ಜನ ಒಂದು ದಾರಿ ಹಿಡಿದು, ಅವಳು ಇನ್ನೊಂದು ದಾರಿ ಹಿಡಿಯುವುದು ತಪ್ಪಲಿಲ್ಲ. ಹಗ್ಗಕ್ಕೆ ಬೇಕಾದವಳು ಗದ್ದೆಗೆ ಬೇಕಾಗಿರಲಿಲ್ಲ. ಅಭ್ಯಾಸದ ಗಡಿಬಿಡಿಯಲ್ಲಿ ಅವಳ ಗದ್ದೆ ಈ ವರ್ಷವೂ ಅರ್ಧ ನೆಡದೆ ಉಳಿದಿತ್ತು.

ಆಗಸ್ಟ್ ಹದಿನೈದು ಬಂತು. ನರಸಿಂಹರಾಜಪುರದ ಅದೇ ಗದ್ದೆ. ಹುಣಸೆಕೊಪ್ಪದವರು ಶೃಂಗೇರಿ ಕಡೆಯ ಒಂದು ತಂಡವನ್ನೂ, ಹರಿಹರಪುರದ ಒಂದು ತಂಡವನ್ನೂ ಎಳೆದು ಫೈನಲಿಗೆ ಬಂದರು. ಎದುರಿಗೆ ಕೊಪ್ಪದ ಹುಡುಗಿಯರು. ಎಲ್ಲರೂ ಕಬಡ್ಡಿ ಆಡುವವರು. ಒಂದೇ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ನಂಬರು, ತೋಳುಗಳೋ ಒನಕೆ. ಇತ್ತ ನಮ್ಮವರು ಸೀರೆ ಎತ್ತಿಕಟ್ಟಿ, ಮೇಲೊಂದು ಗಂಡನ ಹಳೆ ಅಂಗಿ ತೊಟ್ಟು ನಿಂತಿದ್ದರು. ಗುಂಪಿನಲ್ಲಿ ಯಾರೋ "ಅಯ್ಯೋ ಪಾಪ" ಎಂದರು. ರೆಫರಿ ಶಾಂತವೀರಪ್ಪ, ರಿಟೈರಾದ ಪಿ.ಟಿ. ಮೇಷ್ಟ್ರು, "ಕೈಗೆ ಯಾರೂ ಹಗ್ಗ ಸುತ್ಕೋಬಾರದು, ಹೋದ ವರ್ಷದ್ದು ನೆನಪಿದೆ ತಾನೇ" ಎಂದು ಸರೋಜಳನ್ನೇ ನೋಡಿ ಹೇಳಿದರು. ಅವಳ ಮುಖ ಕೆಂಪಾಯಿತು.

ಮೂರು ಎಳೆತದಲ್ಲಿ ಎರಡು ಗೆಲ್ಲಬೇಕು. ಮೊದಲ ಎಳೆತದಲ್ಲಿ ಕಲ್ಲಮ್ಮ ಗಾಬರಿಯಲ್ಲಿ "ಎಳೀರೇ, ಎಳೀರೇ" ಎಂದು ಕಿರುಚಿಬಿಟ್ಟಳು. ಎಂಟು ಜನ ಎಂಟು ಸಲ ಎಳೆದರು, ಸೋತರು. ಎರಡನೆಯದರಲ್ಲಿ ಅವಳು ಕಣ್ಣು ಮುಚ್ಚಿಕೊಂಡು, ಬದುವಿನ ಮೇಲೆ ನಿಂತಂತೆಯೇ ನಿಂತು, "ಸರೀ...ರೇ" ಎಂದಳು. ಹುಡುಗಿಯರು ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಗೆರೆ ದಾಟಿದ್ದರು. ಗುಂಪು ಹೋ ಎಂದಿತು.

ಮೂರನೆಯದಕ್ಕೆ ಮೊದಲು ಕಲ್ಲಮ್ಮ ಒಂದು ಪ್ಲಾಸ್ಟಿಕ್ ಕವರಿನಿಂದ ಒಲೆಯ ಬೂದಿ ತೆಗೆದು ಸರೋಜಳ ಅಂಗೈಗೆ ತಿಕ್ಕತೊಡಗಿದಳು, ಎಡಗೈಯಿಂದ. ಸರೋಜಳ ಅಂಗೈ ಸುಲಿದು ರಕ್ತ ಜಿನುಗುತ್ತಿತ್ತು.

"ಹೋದ ವರ್ಷ ಈ ಕೈ ಜಾರಿದ್ದು ನನ್ನ ಕಾಲಿನ ಎಣ್ಣೆಯಿಂದ" ಎಂದಳು ಕಲ್ಲಮ್ಮ, ಮುಖ ನೋಡದೆ. "ಗೊತ್ತು ನಂಗೆ."

ಸರೋಜ ಥಟ್ಟನೆ ತಲೆ ಎತ್ತಿದಳು. "ಯಾವಾಗಿಂದ ಗೊತ್ತು?"

"ಕೈಯ ಪಟ್ಟಿ ಬಿಚ್ಚಿದ ದಿನದಿಂದ. ಮಲಗಿ ಮಲಗಿ ಅದೇ ಯೋಚನೆ ಮಾಡಿದ್ದು. ಹೇಳೋಕೆ ನನ್ನ ಸೊಕ್ಕು ಬಿಡಲಿಲ್ಲ ಮಾರಾಯ್ತಿ. ನೀನಾದ್ರೂ ಯಾಕೆ ಬಾಯಿ ಬಿಡಲಿಲ್ಲ?"

ಉತ್ತರ ಹೇಳಲು ಶಾಂತವೀರಪ್ಪನವರ ಸೀಟಿ ಬಿಡಲಿಲ್ಲ.

ಕೊಪ್ಪದ ಹುಡುಗಿಯರಿಗೆ ಈಗ ಗುಟ್ಟು ತಿಳಿದಿತ್ತು. ಸೀಟಿ ಊದಿದ್ದೇ ತಡ, ಕೂಗು ಬರುವ ಮೊದಲೇ ಒಂದೇ ಏಟಿಗೆ ಎಳೆದರು. ಮುಂದಿದ್ದ ಸೀತಕ್ಕನ ಕಾಲು ಜಾರಿತು. ಸಾಲು ಒಂದು ಮಾರು ಮುಂದಕ್ಕೆ ಹೋಯಿತು, ಹಗ್ಗದ ನಡುವಿಗೆ ಕಟ್ಟಿದ್ದ ಕೆಂಪು ಬಟ್ಟೆ ಹುಡುಗಿಯರ ಗೆರೆಯ ಹತ್ತಿರ ಹೋಯಿತು. ಕೊನೆಯವಳೆಂದು ಸರೋಜ ಸೊಂಟಕ್ಕೆ ಸುತ್ತಿಕೊಂಡಿದ್ದ ಹಗ್ಗ ಪಕ್ಕೆಲುಬನ್ನೇ ಹಿಂಡಿತು. ಕೈ ಉರಿಯಿತು. ಬಿಟ್ಟರೆ ಒಂದು ಕ್ಷಣದಲ್ಲಿ ಉರಿ ನಿಲ್ಲುತ್ತದೆ ಎಂದು ಮೈ ಹೇಳಿತು. "ಬಿಡಲ್ಲ, ಸತ್ರೂ ಬಿಡಲ್ಲ" ಎಂದು ಅವಳು ಹಲ್ಲು ಕಚ್ಚಿ ಮೊಣಕಾಲಿನವರೆಗೆ ಕಾಲು ಹೂತಳು. ಅವಳು ನಿಂತಳು, ಅವಳಿಗೆ ಸಿಕ್ಕಿ ಸಾಲು ನಿಂತಿತು. ಸೀತಕ್ಕ ಎದ್ದು ಕಾಲೂರಿದಳು.

ಕಲ್ಲಮ್ಮ ಕೂಗಲಿಲ್ಲ. ಗುಂಪು ಅರಚುತ್ತಿತ್ತು, ಬೈರಪ್ಪ "ಕೂಗೇ ಕಲ್ಲಕ್ಕ, ಕೂಗೇ" ಎಂದು ಹಾರುತ್ತಿದ್ದ. ಅವಳು ಹದಿನಾರು ಕಾಲನ್ನೂ ನೋಡುತ್ತಾ ಕಾದಳು. ಹುಡುಗಿಯರು ಎಳೆದು ಎಳೆದು ಒಮ್ಮೆ ಉಸಿರು ತೆಗೆದುಕೊಂಡರು.

"ಸರೀ...ರೇ!"

ಒಂದು ಹೆಜ್ಜೆ. "ಸರೀ...ರೇ!" ಇನ್ನೊಂದು. ಮೂರನೆಯದಕ್ಕೆ ಗುಂಪಿನಲ್ಲಿದ್ದ ಬೇರೆ ಊರಿನ ಹೆಂಗಸರೂ ಕೂಗಿಗೆ ದನಿ ಸೇರಿಸಿದರು. ನಾಟಿ ಮಾಡದ ಹೆಂಗಸು ಆ ಸೀಮೆಯಲ್ಲಿ ಯಾರಿದ್ದಾರೆ? ಕೂಗಿಗೊಂದು ಹೆಜ್ಜೆಯಂತೆ ಹುಣಸೆಕೊಪ್ಪದವರು ಸಲೀಸಾಗಿ ಹಿಂದೆ ನಡೆಯುತ್ತಲೇ ಹೋದರು. ಕೊಪ್ಪದ ಹುಡುಗಿಯರು ಒಬ್ಬೊಬ್ಬರಾಗಿ ಗೆರೆ ದಾಟಿ ಬಂದು ಮಕಾಡೆ ಬಿದ್ದರು. ಸೀಟಿ ಕೂಗಿತು. ಗದ್ದೆಯೆಲ್ಲ ಜನವೋ ಜನ!

ಸರೋಜ ಮಾತ್ರ ಇನ್ನೂ ಹಿಂದೆ ನಡೆಯುತ್ತಿದ್ದಳು. ಕಲ್ಲಮ್ಮ ಕೆಸರಿನಲ್ಲಿ ಎದ್ದು ಬಿದ್ದು ಓಡಿ ಬಂದು ಅವಳನ್ನು ಬಾಚಿ ತಬ್ಬಿಕೊಂಡಳು. "ಬಿಡೇ ಹಗ್ಗನ, ಗೆದ್ದಾಯ್ತು! ಬಿಡೇ ಮಾರಾಯ್ತಿ!" ಎಂದು ಅಳುತ್ತಾ ನಗುತ್ತಾ ಬೆನ್ನಿಗೆ ಗುದ್ದಿದಳು. ಬೆರಳು ಬಿಚ್ಚಲು ಬರಲಿಲ್ಲ. ಏಳು ಜನವೂ ಸೇರಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಮಾರನೆಯ ಬೆಳಿಗ್ಗೆ ಮೈಯ ಒಂದೊಂದು ಕೀಲೂ ನೋಯುತ್ತಿತ್ತು. ಸರೋಜ ಅಂಗೈಗೆ ಬಟ್ಟೆ ಸುತ್ತಿಕೊಂಡು, ಉಳಿದ ಗದ್ದೆಗೆ ಒಬ್ಬಳೇ ಸಸಿ ಹೊತ್ತು ಬಂದಳು. ಅನ್ನ ಮಾಡಿಟ್ಟಿರಲಿಲ್ಲ, ಯಾರನ್ನೂ ಕಾಯಲೂ ಇಲ್ಲ. ಮೊದಲ ಸಾಲಿಗೆ ಬಗ್ಗಿದಾಗ ಬದುವಿನ ಕಡೆಯಿಂದ ಮಾತು ಕೇಳಿಸಿತು. ಏಳೂ ಜನ ಕುಂಟುತ್ತಾ, ನರಳುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ ಬರುತ್ತಿದ್ದರು. ಸೀತಕ್ಕ ಇಳಿದು ಅವಳ ಬಲಕ್ಕೆ ನಿಂತಳು. ಹಿಂದೆ ಕಲ್ಲಮ್ಮ.

"ನೀನು ಬದು ಮೇಲೇ ನಿಂತ್ಕೊ ಕಲ್ಲಕ್ಕ" ಎಂದಳು ಸರೋಜ.

"ಒಂದು ವರ್ಷ ನಿಂತಿದ್ದು ಸಾಕು" ಎಂದು ಕಲ್ಲಮ್ಮ ಸೀರೆ ಎತ್ತಿಕಟ್ಟಿದಳು. ಸಸಿಯ ಕಟ್ಟನ್ನು ಸೊಟ್ಟಗಾದ ಬಲಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಸರೋಜಳ ಎಡಕ್ಕೆ ಬಂದು ನಿಂತು, ಎಡಗೈಯಿಂದ ಮೊದಲ ಸಸಿ ಊರಿದಳು. ಅದು ವಾಲಿತು. ಸರೋಜ ಅದನ್ನು ನೆಟ್ಟಗೆ ಮಾಡಿದಳು. ಕಲ್ಲಮ್ಮ ಉಸಿರೆಳೆದು ಕೂಗಿದಳು, ಸಾಲು ಹಿಂದಕ್ಕೆ ಸರಿಯಿತು, ಮಧ್ಯಾಹ್ನದ ಊಟದ ಹೊತ್ತಿಗೆ ಗದ್ದೆ ಪೂರಾ ನೆಟ್ಟು ಮುಗಿದಿತ್ತು.