ಸ್ಪೇನಿನಲ್ಲಿ ಕೌದಿಯ ಹೊಟ್ಟೆ ತುಂಬಿಸಿದ್ದು

ಎಂಬತ್ತೇಳನೆಯ ಇಸವಿಯ ಬೇಸಿಗೆ. ನಮ್ಮೂರು ಸಂಶಿಯಿಂದ ನಾವು ಮೂವರು ಗೆಳತಿಯರು, ನಾನು, ನೀಲವ್ವ, ಮಾಬೂಬಿ, ಸ್ಪೇನ್ ದೇಶದ ಸೆವಿಲ್ಲೆ ಎಂಬ ಪಟ್ಟಣಕ್ಕೆ ಹೋಗಿದ್ದೆವು. ನಾನು ಓದಿದ್ದು ಮೂರನೇ ಇಯತ್ತೆ. ಹಳೆಯ ಸೀರೆ, ಅಂಗಿಯ ತುಂಡು ಕೂಡಿಸಿ ಕೌದಿ ಹೊಲಿಯುವುದೊಂದೇ ನನಗೆ ಬರುವ ವಿದ್ಯೆ. ಅಲ್ಲಿಯ ಕೈಕೆಲಸದ ಪ್ರದರ್ಶನದಲ್ಲಿ ಮಂದಿಯ ಎದುರು ಕೂತು ಒಂದು ಕೌದಿಯನ್ನು ಮೊದಲಿಂದ ಕೊನೆಯವರೆಗೆ ಹೊಲಿದು ತೋರಿಸಬೇಕಿತ್ತು. ನಮ್ಮ ಜೊತೆ ಬಂದ ದಿಲ್ಲಿಯ ಮೇಡಂ ಹಿಂದಿಯಲ್ಲಿ ಹೇಳಿದ್ದನ್ನು ಮಾಬೂಬಿ ನಮಗೆ ತಿಳಿಸುತ್ತಿದ್ದಳು.

ವಿಮಾನ ಹತ್ತಿದಾಗಿನಿಂದ ಬರಬಾರದಿತ್ತು ಅನ್ನಿಸುತ್ತಿತ್ತು. ಮಗಳು ಶೋಭಾಗೆ ದಿನ ತುಂಬಿದ್ದವು. ಹಿಂದಿನ ಸಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. "ನೀ ಹೋಗಬೇ ಅವ್ವಾ, ಇಂಥಾದ್ದು ಮತ್ತ ಬರಂಗಿಲ್ಲ. ನಿನ್ನ ಅಳಿಯಾ ಫೋನ್ ಮಾಡಿಸ್ತಾರ" ಎಂದು ಅವಳೇ ದೂಡಿ ಕಳಿಸಿದ್ದಳು. ಪ್ರದರ್ಶನದ ಕಚೇರಿಯಲ್ಲಿ ಫೋನ್ ಗಂಟೆ ಬಾರಿಸಿದಾಗಲೆಲ್ಲ ನನ್ನ ಸೂಜಿ ನಿಂತುಬಿಡುತ್ತಿತ್ತು. ಅದು ಯಾವಾಗಲೂ ಬೇರೆ ಯಾರದೋ ಫೋನ್.

ದಣಿವು ಅಂದರೆ ಅಂಥ ದಣಿವು. ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಕೂತು ಸೊಂಟ ಹಿಡಿದಿತ್ತು, ಕಾಲು ಬಾತಿದ್ದವು. ನಾವು ಒಂದು ನಿದ್ದೆ ಮುಗಿಸುವ ಹೊತ್ತಿಗೆ ಅಲ್ಲಿಯ ಮಂದಿ ಊಟಕ್ಕೆ ಕೂಡುತ್ತಿದ್ದರು. ಊರಿಂದ ಒಯ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ಮುಗಿದಿದ್ದವು. ಮಾಂಸವೋ ತತ್ತಿಯೋ ಏನು ಹಾಕಿ ಮಾಡಿರುತ್ತಾರೋ ಎಂದು ಹೋಟೆಲಿನ ಅಡುಗೆ ನಾನು ಮುಟ್ಟುತ್ತಿರಲಿಲ್ಲ. ಹಾಲು, ಹಣ್ಣಿನ ಮೇಲೆಯೇ ಜೀವ ಹಿಡಿದಿದ್ದೆ.

ಕೊನೆಯ ದಿನ ಬಂತು. ಸಂಜೆ ದೊಡ್ಡ ಮಂದಿ ಬರುವವರಿದ್ದರು, ಕೌದಿ ಮುಗಿದಿರಬೇಕು ಎಂದರು ಮೇಡಂ. ಒಂದು ಮೂಲೆ ಮಾತ್ರ ಬಾಯಿ ತೆರೆದಿತ್ತು. ನಮ್ಮಲ್ಲಿ ಆ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುಣುಕು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಕೌದಿಯ ಹೊಟ್ಟೆ ತುಂಬಿಸುತ್ತೇವೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು. ಮಗಳು ಆ ಸ್ಥಿತಿಯಲ್ಲಿರುವಾಗ ಬರಿಹೊಟ್ಟೆಯ ಕೌದಿ ಮುಚ್ಚಲು ನನ್ನ ಕೈ ಬರಲಿಲ್ಲ.

"ಏಳಬೇ, ಎಲ್ಲಿಯರ ಒಂದ್ ತುಣುಕ ರೊಟ್ಟಿ ಹುಡಕೂಣು" ಎಂದಳು ನೀಲವ್ವ.

ಮಧ್ಯಾಹ್ನ ನಾವು ಆ ಕಟ್ಟಡದಿಂದ ಹೊರಗೆ ಬಂದದ್ದು ಅದೇ ಮೊದಲು. ಬಿಸಿಲು ನಮ್ಮ ಕಡೆಯ ನವಲಗುಂದದ ಬಿಸಿಲಿನಂತೆ ಸುಡುತ್ತಿತ್ತು. ಸಣ್ಣ ಸಣ್ಣ ಓಣಿ, ಎರಡೂ ಬದಿ ಸುಣ್ಣ ಬಳಿದ ಗೋಡೆ, ಕಬ್ಬಿಣದ ಕಿಟಕಿಗಳಲ್ಲಿ ಹೂವಿನ ಕುಂಡ. ಒಂದು ಅಂಗಡಿಯೂ ತೆರೆದಿರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ.

"ಊರೆಲ್ಲಾ ಬಾಗಲಾ ಹಾಕ್ಯಾರಲ್ಲ, ಯಾರರ ಹಿರ್ಯಾರು ಸತ್ತಾರೇನ?" ಎಂದಳು ನೀಲವ್ವ. ನಮ್ಮೂರಲ್ಲಿ ಹಾಗಾದಾಗಲೇ ಎಲ್ಲ ಅಂಗಡಿ ಮುಚ್ಚುವುದು.

"ಬಾಯಿ ಮುಚ್ಚಬೇ ನೀಲಕ್ಕಾ, ಈಕಿ ಮಾರಿ ನೋಡರ ನೋಡು" ಎಂದು ಮಾಬೂಬಿ ಗದರಿದಳು.

ಶೋಭಾಗೆ ಏನೋ ಆಗಿದೆ, ಇದೇ ಅದರ ಸೂಚನೆ ಅನ್ನಿಸಿ ಒಂದು ಮನೆಯ ಹೊಸ್ತಿಲಲ್ಲಿ ಕುಸಿದು ಕೂತೆ. ಅಳು ತಡೆಯಲಾಗಲಿಲ್ಲ.

ನನ್ನ ಬೆನ್ನ ಹಿಂದೆ ಆ ಮನೆಯ ಬಾಗಿಲು ತೆರೆಯಿತು. ಕರಿ ಬಟ್ಟೆಯ ಮುದುಕಿ, ಕೈಯಲ್ಲಿ ಬೀಸಣಿಗೆ, ಕಣ್ಣಲ್ಲಿ ಇನ್ನೂ ನಿದ್ದೆ. ಮಾಬೂಬಿ ಮುಚ್ಚಿದ ಅಂಗಡಿ ತೋರಿಸಿ ಕಣ್ಣು ಮುಚ್ಚಿ ಸತ್ತವರಂತೆ ಕೈ ಕಟ್ಟಿ ಕೇಳಿದಳು. ಮುದುಕಿ ಗಾಬರಿಯಾಗಿ ನೋಡಿ, ಆಮೇಲೆ ಗಹಗಹಿಸಿ ನಕ್ಕಳು. ಅಂಗೈ ಮೇಲೆ ಕೆನ್ನೆಯಿಟ್ಟು ಗೊರಕೆ ಹೊಡೆದು ತೋರಿಸಿದಳು.

"ಅಯ್ಯ ಇವರ, ಊರಿಗೂರ ಮಲಗೇತಿ!" ಎಂದಳು ನೀಲವ್ವ.

ನಾನು ಸೂಜಿ ಹಿಡಿದು ಹೊಲಿದಂತೆ, ರೊಟ್ಟಿ ಮುರಿದಂತೆ ಮಾಡಿದೆ, ಹೊಟ್ಟೆ ಮುಟ್ಟಿ ತೋರಿಸಿದೆ, ಕೂಸು ತೂಗಿ ತೋರಿಸಿದೆ, ದೂರಕ್ಕೆ ಕೈ ಮಾಡಿದೆ. ಕೌದಿಯ ಮಾತು ಆಕೆಗೆ ಏನು ತಿಳಿಯಿತೋ, ತಾಯಿಯ ಸಂಕಟ ಮಾತ್ರ ತಿಳಿಯಿತು. ಒಳಗೆ ಕರೆದು, ತಂಪು ಅಂಗಳದಲ್ಲಿ ಕೂಡಿಸಿ, ಗಾಳಿ ಬೀಸಿದಳು. ಒಂದು ಸಿಹಿ ರೊಟ್ಟಿ ತಂದಳು.

"ಇದರಾಗ ತತ್ತಿ ಹಾಕಿರ್ತಾರೇನ?" ಎಂದೆ ನಾನು.

"ತಿನ್ನೂದು ಕೌದಿ, ನೀ ಅಲ್ಲ. ಸುಮ್ನ ತಗೋ" ಎಂದಳು ನೀಲವ್ವ.

ಅಷ್ಟರಲ್ಲಿ ಮುದುಕಿ ಒಂದು ತುಣುಕು ಮುರಿದು, ನಮ್ಮವ್ವ ತಿನ್ನಿಸುತ್ತಿದ್ದ ಹಾಗೆಯೇ ನನ್ನ ಬಾಯಿಯ ಹತ್ತಿರ ಹಿಡಿದಳು. ಬಾಯಿ ತೆರೆದೆ, ತಿಂದೆ. ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಟ್ಟಳು.

ವಾಪಸು ಬಂದು ಕೌದಿಯ ಮೂಲೆಯಲ್ಲಿ ಆ ರೊಟ್ಟಿ ಇಟ್ಟು ಹೊಲಿದೆ. ದೊಡ್ಡ ಮಂದಿ ಬಂದರು, ನೋಡಿದರು, ಹೋದರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ಆಗ ಮಾಬೂಬಿ ಕಚೇರಿಯಿಂದ ಓಡಿ ಬಂದಳು. "ಅಕ್ಕಾ, ಹೆಣ್ಣಾತು! ಶೋಭಾನೂ ಅಗದಿ ಆರಾಮದಾಳ!"

ನೋವು, ಬಾವು ಎಲ್ಲಿ ಹೋದವೋ! ಗೆಳತಿಯರನ್ನು ಎಳೆದುಕೊಂಡು ಆ ಓಣಿಗೆ ಓಡಿದೆ. ಆದರೆ ಈಗ ಎಲ್ಲ ಬಾಗಿಲೂ ತೆರೆದಿದ್ದವು, ಬೀದಿ ತುಂಬ ಮಂದಿ. ಬಾಗಿಲಿಗೊಬ್ಬಳಂತೆ ಕುರ್ಚಿ ಹಾಕಿ ಕೂತ ಮುದುಕಿಯರು, ಎಲ್ಲರದೂ ಕರಿ ಬಟ್ಟೆ, ಎಲ್ಲರ ಕೈಯಲ್ಲೂ ಬೀಸಣಿಗೆ. ರೊಟ್ಟಿ ಕೊಟ್ಟವಳು ಇವರಲ್ಲಿ ಯಾವಾಕೆ ಎಂದು ನಮ್ಮ ಮೂವರಿಗೂ ಗುರುತು ಹತ್ತಲಿಲ್ಲ.

ಒಬ್ಬೊಬ್ಬರ ಮುಂದೆ ನಿಂತು ಕೂಸು ತೂಗಿ ತೋರಿಸಿ, "ಹೆಣ್ಣು ಹುಟ್ಟೈತ್ರೀ ಅವ್ವಾರ, ಮೊಮ್ಮಗಳು!" ಎಂದು ಹೇಳುತ್ತ ಓಣಿಯ ತುದಿಯವರೆಗೂ ಹೋದೆ. ಎಲ್ಲರೂ ಎದ್ದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಅವರಲ್ಲಿ ಆಕೆಯೂ ಇದ್ದಳೆಂದೇ ನನ್ನ ನಂಬಿಕೆ. ಇಲ್ಲದಿದ್ದರೂ, ಅಷ್ಟು ಮಂದಿಯಲ್ಲಿ ಯಾರಾದರೂ ಒಬ್ಬರು ಆಕೆಗೆ ಸುದ್ದಿ ಮುಟ್ಟಿಸಿಯೇ ಇರುತ್ತಾರೆ.