ಐಸಮ್ಮನ ಕಿವಿ

ಮಳೆಗಾಲ ಮುಗಿದ ಮೇಲೆ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹಾಕುವುದು ನಮ್ಮ ಮನೆಯ ಕ್ರಮ. ಮೊನ್ನೆ ಭಾನುವಾರ ಅಂಗಳದಲ್ಲಿ ಚಾಪೆ ಹಾಸಿ ನನ್ನ ಚಿತ್ರದ ಪುಸ್ತಕಗಳನ್ನು ಹರವಿದೆ. ತೇವ ಹಿಡಿದ ಕಾಗದದ ವಾಸನೆ ನಿಮಗೆ ಗೊತ್ತಿರಬಹುದು; ಬಹಳ ದಿನ ಮುಚ್ಚಿಟ್ಟ ಅಕ್ಕಿ ಡಬ್ಬಿಯಿಂದ ಬರುವಂಥದ್ದು. ನಾನು ಮೂಗು ಉಜ್ಜಿಕೊಳ್ಳುತ್ತಿರುವಾಗಲೇ ಗಾಳಿಗೆ ಒಂದು ಪುಸ್ತಕದ ಹಾಳೆಗಳು ಪಟಪಟನೆ ಮಗುಚಿ ಒಂದು ಪುಟದಲ್ಲಿ ನಿಂತವು. ಅಲ್ಲಿರುವುದು ಒಬ್ಬ ಮುದುಕಿಯ ಮುಕ್ಕಾಲು ಮುಖ ಮತ್ತು ಒಂದು ಕಿವಿ. ಮುಖ ಅಷ್ಟಕ್ಕಷ್ಟೆ. ಕಿವಿ ಮಾತ್ರ, ನಾನೇ ಹೇಳಬಾರದು, ಅದ್ಭುತವಾಗಿ ಬಂದಿದೆ.

ಹೆಂಡತಿ ಜಗಲಿಯಿಂದಲೇ ನೋಡಿದಳು. "ಅದನ್ನು ಮಗುಚಿ ಹಾಕಿ" ಎಂದಳು. ನಾನು ಮಗುಚಲಿಲ್ಲ.

ನಾನು ಚಿತ್ರಗಾರನಲ್ಲ. ಮಂಜೇಶ್ವರದ ಒಂದು ಕಚೇರಿಯಲ್ಲಿ ಕ್ಲಾರ್ಕು. ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಮುಖಗಳ ಹುಚ್ಚು ಹಿಡಿಯಿತು. ಮಗಳಿಗೆಂದು ತಂದ ದಪ್ಪ ಹಾಳೆಯ ಪುಸ್ತಕ ಅವಳಿಗೆ ಬೇಡವಾಯಿತು. ವ್ಯರ್ಥವಾಗಬಾರದೆಂದು ನಾನು ಶುರು ಮಾಡಿದೆ. ಮೊದಲ ವರ್ಷ ನಾನು ಬರೆದ ಮೂಗುಗಳೆಲ್ಲ ಉದ್ದಕ್ಕೆ ಜೋತುಬಿದ್ದ ಬಿಂಬುಳಿ ಕಾಯಿಗಳು. ಯಾರನ್ನು ಬರೆದರೂ ಕೊನೆಗೆ ನನ್ನ ಹೆಂಡತಿಯ ಅಣ್ಣನ ಹಾಗೆ ಕಾಣುತ್ತಿತ್ತು. ಅವನು ಒಮ್ಮೆ ಪುಸ್ತಕ ನೋಡಿ, "ಭಾವ, ನನ್ನ ಮೇಲೆ ಇಷ್ಟು ಪ್ರೀತಿ ಉಂಟು ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ" ಎಂದಿದ್ದ.

ಮುಖ ಕಲಿಯಬೇಕಾದರೆ ಮುಖ ಬೇಕು. ಮನೆಯವರು ಎರಡು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ಹಾಗಾಗಿ ಬಸ್ಸಿಗೆ ಕಾಯುವವರನ್ನು ಕದ್ದು ಬರೆಯಲು ತೊಡಗಿದೆ. ಮಡಚಿದ ಪೇಪರಿನ ಒಳಗೆ ಪುಸ್ತಕ, ಪುಸ್ತಕದೊಳಗೆ ಪೆನ್ಸಿಲು, ನೋಡುವವರಿಗೆ ಪದಬಂಧ ತುಂಬಿಸುವ ಮನುಷ್ಯ. "ಒಂದು ದಿನ ಪೆಟ್ಟು ತಿಂದು ಬರ್ತೀರಿ ನೀವು" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಕದ್ದು ನೋಡುವುದರಲ್ಲಿ ಒಂದು ಸುಖವಿದೆ, ಸುಳ್ಳು ಯಾಕೆ ಹೇಳಲಿ. ಎದುರಿನ ಮನುಷ್ಯ ಸ್ವಲ್ಪ ಹೊತ್ತಿನಲ್ಲಿ ಮನುಷ್ಯನಾಗಿ ಉಳಿಯುವುದಿಲ್ಲ. ಕೆನ್ನೆಯ ತಗ್ಗು, ರೆಪ್ಪೆಯ ಮಡಿಕೆ, ಬೆಳಕು ಬಿದ್ದ ಹಣೆ ಆಗಿಬಿಡುತ್ತಾನೆ. ಆಗ ಇದನ್ನು ನಾನು ಏಕಾಗ್ರತೆ ಎಂದು ತಿಳಿದಿದ್ದೆ.

ಎರಡು ವರ್ಷದ ಹಿಂದಿನ ಒಂದು ಸೋಮವಾರ. ಕಚೇರಿಗೆಂದು ನಮ್ಮ ಬಂದ್ಯೋಡಿನಲ್ಲಿ ಮಂಗಳೂರು ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದೆ. ಹೆದ್ದಾರಿ ಅಗಲವಾದ ಮೇಲೆ ನಮ್ಮ ಪೇಟೆ ಎರಡು ಹೋಳಾಗಿದೆ. ಮೊದಲು ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆಯ ಮಧ್ಯೆ ಈಗ ಗೋಡೆ. ಶಿರಿಯ, ಕುಂಬಳೆ, ಕಾಸರಗೋಡು ಕಡೆಗೆ ಹೋಗುವವರು ಅಂಡರ್‌ಪಾಸಿನಲ್ಲಿ ನುಗ್ಗಿ ಆಚೆ ಬದಿಗೆ ಹೋಗಬೇಕು. ಇಲ್ಲೇ ಹುಟ್ಟಿ ಬೆಳೆದ ನನಗೇ ಕೆಲವೊಮ್ಮೆ ಯಾವ ಬದಿಯಲ್ಲಿದ್ದೇನೆ ಎಂದು ಗೊಂದಲವಾಗುತ್ತದೆ.

ತಂಗುದಾಣದ ಬೆಂಚಿನ ಆ ತುದಿಯಲ್ಲಿ ಒಬ್ಬರು ಮುದುಕಿ ಕುಳಿತಿದ್ದರು. ಬ್ಯಾರಿ ಮುಸ್ಲಿಂ ಹೆಂಗಸು. ಉದ್ದ ತೋಳಿನ ಹಳೆಯ ಕುಪ್ಪಾಯ, ಬಿಳಿ ತಲೆಬಟ್ಟೆ. ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಿದ್ದರು. ಆ ಕಾಲದ ಹೆಂಗಸರು ಕಿವಿಯ ಅಂಚಿಗೆ ಸಾಲಾಗಿ ಅಲಿಕತ್ತು ಎಂಬ ಸಣ್ಣ ಬಳೆಯಂಥ ಓಲೆಗಳನ್ನು ಹಾಕುತ್ತಿದ್ದರು. ಇವರ ಕಿವಿಯಲ್ಲಿ ಓಲೆಗಳಿರಲಿಲ್ಲ, ತೂತುಗಳು ಮಾತ್ರ ಉಳಿದಿದ್ದವು. ಭಾರಕ್ಕೆ ಜಗ್ಗಿದ ಅಂಚು ಒಣಗಿದ ಎಲೆಯ ಹಾಗೆ ಮಡಚಿಕೊಂಡಿತ್ತು. ಕಿವಿ ಬರೆಯುವುದೆಂದರೆ ನನಗೆ ಬಹಳ ಕಷ್ಟ, ಅಂಥದ್ದರಲ್ಲಿ ಈ ಕಿವಿ. ನಾನು ಪೆನ್ಸಿಲು ತೆಗೆದೆ.

ಹತ್ತು ನಿಮಿಷವಾಗಿರಬೇಕು, ಅವರು ಎದ್ದು ನಿಂತರು. ನನ್ನ ಕಡೆ ತಿರುಗಿ, "ಶಿರಿಯಕ್ಕೆ ಬಸ್ಸು ಉಂಟಾ ಮೋನೇ?" ಎಂದು ಮಗನನ್ನು ಕೇಳುವ ಹಾಗೆ ಕೇಳಿದರು.

ಕಿವಿಯ ಕೆಳಗಿನ ಅರ್ಧ ಇನ್ನೂ ಬಾಕಿ ಇತ್ತು.

"ಬರ್ತದೆ ಉಮ್ಮ. ಕೂತ್ಕೊಳ್ಳಿ" ಎಂದೆ.

ಅವರು ಕುಳಿತರು. ನಾನು ಬರೆದು ಮುಗಿಸಿದೆ. ನನ್ನ ಬಸ್ಸು ಬಂತು, ಹತ್ತಿದೆ. ಸೀಟು ಸಿಕ್ಕ ಮೇಲೆ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಸಂತೋಷಪಟ್ಟೆ. ನಾವು ಕುಳಿತಿದ್ದ ಬದಿಗೆ ಶಿರಿಯದ ಬಸ್ಸು ಬರುವುದೇ ಇಲ್ಲ ಎಂಬ ಸಂಗತಿ ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಗೊತ್ತಿತ್ತು. ಹೇಳುವಾಗಲೂ ಗೊತ್ತಿತ್ತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಐಸಮ್ಮ, ಎಂಬತ್ತು ವರ್ಷ, ಮರೆವಿನ ಕಾಯಿಲೆ, ಬೆಳಿಗ್ಗೆಯಿಂದ ಕಾಣುತ್ತಿಲ್ಲ. ಕಪ್ಪು ಬುರ್ಖಾ ಧರಿಸಿದ್ದಾರೆ, ಕಂಡವರು ತಿಳಿಸಿ. ಯಾವುದೋ ಮದುವೆಯಲ್ಲಿ ತೆಗೆದ ಫೋಟೋ. ಕನ್ನಡಕ, ಕಪ್ಪು ಬಟ್ಟೆ. ಕಿವಿ ಕಾಣುವುದಿಲ್ಲ. ಇವರಲ್ಲ ಎಂದುಕೊಂಡೆ. ನಾನು ನೋಡಿದ್ದು ಬಿಳಿ ಬಟ್ಟೆಯವರನ್ನು, ಇವರು ಬೇರೆ ಯಾರೋ. ಎರಡು ತುತ್ತು ಉಂಡೆ. ಆಮೇಲೆ ಪುಸ್ತಕ ತೆಗೆದು ಫೋಟೋದ ಪಕ್ಕಕ್ಕಿಟ್ಟೆ. ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಕೆಳಗೆ ಇಳಿದಿತ್ತು. ಮುಖದಲ್ಲಿ ಅದೊಂದನ್ನು ನಾನು ಸರಿಯಾಗಿ ಬರೆದಿದ್ದೆ. ಕನ್ನಡಕದ ಒಳಗೂ ಅದೇ ರೆಪ್ಪೆ.

ಅದರಲ್ಲಿದ್ದ ನಂಬರಿಗೆ ಫೋನ್ ಮಾಡಲು ನನಗೆ ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆ ಎಂತ ಮಾಡುತ್ತಿದ್ದೆ ಎಂದು ಹೆಂಡತಿ ಆಮೇಲೆ ಕೇಳಿದ್ದಳು. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಗೆ, ಬಂದ್ಯೋಡಿನಲ್ಲಿ ನೋಡಿದೆ, ನನ್ನ ಹತ್ತಿರ ಅವರ ಚಿತ್ರ ಇದೆ, ಬರುತ್ತೇನೆ ಎಂದಷ್ಟೇ ಹೇಳಿದೆ. ಅವರು ಬಸ್ಸು ಕೇಳಿದ್ದು, ನಾನು ಬರ್ತದೆ ಎಂದದ್ದು ಬಿಟ್ಟೆ.

ಅವರ ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಅಂಗಳದ ತುಂಬ ಜನ. ಐಸಮ್ಮನ ಮಗ ಹಮೀದ್ ಉಪ್ಪಳದ ನೆಂಟರ ಮನೆಗಳನ್ನೆಲ್ಲ ಹುಡುಕಿ ಆಗಷ್ಟೇ ಬಂದಿದ್ದರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹಾಳೆ ತಿರುಗಿಸತೊಡಗಿದರು. ಕಾಲೇಜಿನ ಹುಡುಗಿಯರು, ಮೀನು ಮಾರುವ ಹೆಂಗಸು, ತಲೆಬಟ್ಟೆ ಕಟ್ಟಿದ ತಾಯಂದಿರು. ನನ್ನ ವರ್ಷಗಳ ಅಭ್ಯಾಸ ಆ ಅಂಗಳದಲ್ಲಿ ನನಗೇ ಬೇರೆ ತರ ಕಂಡಿತು.

"ಇದೆಲ್ಲ ಯಾರು?" ಎಂದರು ಹಮೀದ್.

"ಬಸ್ಸಿಗೆ ಕಾಯುವವರು."

"ಅವರಿಗೆ ಗೊತ್ತುಂಟಾ ನೀವು ಬರೆದದ್ದು?"

ಹಿಂದಿನಿಂದ ಯಾರೋ, "ಹೆಂಗಸರನ್ನು ಕದ್ದು ಬರೆಯುವ ಜನ ಎಂತದ್ದು?" ಎಂದರು. ಒಬ್ಬರಿಗೊಬ್ಬರು ಹತ್ತಿರ ಸರಿದರು. ಈ ದಿನಗಳಲ್ಲಿ ಇಂಥ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಒಳಗಿನಿಂದ ಐಸಮ್ಮನ ಮಗಳು ನಸೀಮಾ ಬಂದು ಹಮೀದರ ಕೈಯಿಂದ ಪುಸ್ತಕ ಕಿತ್ತುಕೊಂಡಳು. "ಅದೆಲ್ಲ ಆಮೇಲೆ. ಉಮ್ಮ ಎಲ್ಲಿ?" ನಾನು ಪುಟ ತೋರಿಸಿದೆ. ಅವಳು ಒಂದು ಕ್ಷಣ ನೋಡಿದವಳು ಅಲ್ಲೇ ನೆಲಕ್ಕೆ ಕುಳಿತಳು.

"ಬುರ್ಖಾ ಹಾಕ್ಲಿಲ್ಲ! ಹಳೇ ಬಟ್ಟೆ ಹಾಕಿ ಹೋಗಿದ್ದಾರೆ. ಬೆಳಿಗ್ಗೆಯಿಂದ ಎಲ್ಲರೂ ಕಪ್ಪು ಬುರ್ಖಾ ಹುಡುಕ್ತಾ ಇದ್ದಾರಲ್ಲ!" ನನ್ನ ಕಡೆ ತಿರುಗಿ, "ಅಣ್ಣ, ಎಂತಾದರೂ ಮಾತಾಡಿದ್ರಾ?" ಎಂದಳು.

"ಶಿರಿಯಕ್ಕೆ ಬಸ್ಸು ಉಂಟಾ ಅಂತ ಕೇಳಿದ್ರು."

"ಶಿರಿಯದಲ್ಲಿ ನಮ್ಮವರು ಯಾರಿದ್ದಾರೆ?" ಎಂದರು ಹಮೀದ್. "ಉಮ್ಮನ ತವರು ಮನೆ ಮಾರಿ ಎಷ್ಟೋ ಕಾಲ ಆಯ್ತು."

"ನೀವು ಎಂತ ಹೇಳಿದ್ರಿ?" ನಸೀಮಾ ನನ್ನನ್ನೇ ನೋಡುತ್ತಿದ್ದಳು.

ಹೇಳಲು ಅದು ಸಮಯವಾಗಿತ್ತು. ನಾನು ಹೇಳಲಿಲ್ಲ. "ಅಷ್ಟರಲ್ಲಿ ನನ್ನ ಬಸ್ಸು ಬಂತು" ಎಂದೆ.

ಅವಳು ಪುಟದ ಫೋಟೋ ತೆಗೆದು ಎಲ್ಲ ಕಡೆಗೆ ಕಳಿಸಿದಳು. ಅರ್ಧ ಗಂಟೆ ಯಾವ ಸುದ್ದಿಯೂ ಇಲ್ಲ. ಯಾರೋ ಕುರ್ಚಿ ಕೊಟ್ಟರು, ನಾನು ಕೂರಲಿಲ್ಲ. ಫೋನು ಸದ್ದಾದಾಗಲೆಲ್ಲ ಅಂಗಳ ಪೂರ್ತಿ ಅತ್ತ ತಿರುಗುತ್ತಿತ್ತು. ನಾಲ್ಕೂವರೆಗೆ ಶಿರಿಯ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಒಬ್ಬ ಹೆಂಗಸು ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವಳ ಹಿಂದೆ ಗಾಳಿ ಕೇಳುತ್ತಿತ್ತು. "ಚಿತ್ರದಲ್ಲಿ ಇದ್ದವರೇ. ಹಳೇ ಕಡವಿನ ಮೆಟ್ಟಿಲಲ್ಲಿ ಕೂತಿದ್ದಾರೆ. ಕರೆದ್ರೆ ಬರುದಿಲ್ಲ, ಹತ್ತಿರ ಹೋದ್ರೆ ಕೆಳಗೆ ಇಳೀತಾರೆ. ಬೇಗ ಬನ್ನಿ, ನೀರು ಏರ್ತಾ ಉಂಟು."

ಹಮೀದ್, ನಸೀಮಾ ಹೊರಟ ಕಾರಿನಲ್ಲಿ ನಾನೂ ಹೋದೆ. ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಂದ್ಯೋಡಿನಿಂದ ಅಷ್ಟು ದೂರವನ್ನು ಆ ಕಾಲುಗಳು ಸುಡುಬಿಸಿಲಲ್ಲಿ ಸರ್ವಿಸ್ ರಸ್ತೆಯ ಅಂಚಿನಲ್ಲೇ ನಡೆದಿವೆ ಎಂಬುದು ದಾರಿಯುದ್ದಕ್ಕೂ ಕಿಟಕಿಯಲ್ಲಿ ಕಾಣುತ್ತಿತ್ತು. ಲಾರಿಗಳು ಮೈಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದವು.

ದೋಣಿ ದಾಟುವ ಕಡವು ನಿಂತು ಹೋಗಿ ಬಹಳ ವರ್ಷವಾಗಿದೆ. ಕೆಂಪು ಕಲ್ಲಿನ ಏಳೆಂಟು ಮೆಟ್ಟಿಲು ಮಾತ್ರ ಹೊಳೆಗೆ ಇಳಿದಿವೆ. ಐಸಮ್ಮ ನೀರಿನೊಳಗೆ ಮೊಣಕಾಲ ತನಕ ಕಾಲು ಬಿಟ್ಟು ಕುಳಿತಿದ್ದರು. ಚಪ್ಪಲಿ ಇರಲಿಲ್ಲ. ಹಮೀದ್ ಎರಡು ಮೆಟ್ಟಿಲು ಇಳಿದು, "ಉಮ್ಮಾ, ನಾನು. ಬಾ" ಎಂದು ಕೈ ಚಾಚಿದರು.

"ನೀನು ಯಾರು? ನಾನು ದೋಣಿಗೆ ಕಾಯುದು" ಎಂದು ಐಸಮ್ಮ ಎದ್ದು ಅವರ ಕಡೆ ತಿರುಗಿ ಹಿಂದೆ ಸರಿದರು. ಕೆಳಗಿನ ಪಾಚಿ ಕಟ್ಟಿದ ಮೆಟ್ಟಿಲಿಗೆ ಜಾರಿ ಸೊಂಟದ ತನಕ ನೀರಿಗೆ ಬಿದ್ದರು. ನಸೀಮಾ ಕೂಗಿದಳು. ಐಸಮ್ಮ ಹೇಗೋ ಕಲ್ಲು ಹಿಡಿದು ನಿಂತರು. ಯಾರೂ ಅಲುಗಲಿಲ್ಲ. ಅಲುಗಿದರೆ ಇನ್ನೊಂದು ಹೆಜ್ಜೆ ಹಿಂದೆ ಹೋಗುತ್ತಾರೆ, ಅಲ್ಲಿ ಮೆಟ್ಟಿಲಿಲ್ಲ.

ಅವರ ಕಣ್ಣು ಎಲ್ಲರ ಮೇಲೆ ಹರಿದು ಬಂದು ನನ್ನಲ್ಲಿ ನಿಂತಿತು.

"ಬಸ್ಸು ಬರ್ತದೆ ಅಂತ ಹೇಳಿದ್ದು ನೀನಲ್ವಾ ಮೋನೇ?" ಎಂದರು. "ಬರ್ಲೇ ಇಲ್ಲ."

ಹೆತ್ತ ಮಗನ ಗುರುತಿಲ್ಲದವರಿಗೆ ನನ್ನ ಗುರುತಿತ್ತು. ನಸೀಮಾ ತಿರುಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡದೆ ಒಂದು ಮೆಟ್ಟಿಲು ಇಳಿದೆ.

"ಹೌದು ಉಮ್ಮ. ಆ ಬದಿಗೆ ಶಿರಿಯದ ಬಸ್ಸು ಬರುದೇ ಇಲ್ಲ. ನಾನು ಸುಳ್ಳು ಹೇಳಿದ್ದು."

"ಯಾಕೆ?"

"ನಿಮ್ಮ ಚಿತ್ರ ಬರೀತಾ ಇದ್ದೆ. ನೀವು ಎದ್ದು ಹೋದ್ರೆ ಕೆಡ್ತದೆ ಅಂತ."

ಐಸಮ್ಮ ತಲೆಬಟ್ಟೆ ಸರಿಮಾಡಿಕೊಂಡರು. ಒದ್ದೆ ಕೈಯಿಂದ ಮುಖ ಒರೆಸಿಕೊಂಡರು.

"ಚಂದ ಬಂತಾ?"

ನಾನು ಕೈ ಚಾಚಿದೆ. "ಬಂತು. ಮೇಲೆ ಬಂದ್ರೆ ತೋರಿಸ್ತೇನೆ."

ಅವರು ಕೈ ಕೊಟ್ಟರು. ಎಷ್ಟು ಹಗುರವಾದ ಕೈ! ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದು, ನಸೀಮಾಳ ಕೈಯಲ್ಲಿದ್ದ ಪುಸ್ತಕದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. "ಇದು ನನ್ನ ಉಮ್ಮ ಅಲ್ವಾ? ನೀನು ಅವರನ್ನು ಎಲ್ಲಿ ನೋಡಿದ್ದು?" ಎಂದರು.

ನಸೀಮಾ ತಾಯಿಯನ್ನು ತಬ್ಬಿಕೊಂಡು ಅಳತೊಡಗಿದಳು. ಹಮೀದ್ ಹೊಳೆಯ ಕಡೆ ಮುಖ ಮಾಡಿ ನಿಂತರು.

ಡಾಕ್ಟರಿಗೆ ತೋರಿಸಿ ಬರುವಾಗ ಸಂಜೆಯಾಗಿತ್ತು. ಪಾದದ ತುಂಬ ಬೊಕ್ಕೆ, ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಆ ಹಾಳೆಯನ್ನು ಹರಿದು ನಸೀಮಾಳಿಗೆ ಕೊಡಹೋದೆ. ಅವಳು ನನ್ನ ಕೈ ತಡೆದಳು.

"ಬೇಡ ಅಣ್ಣ. ಇದರಿಂದಲೇ ಉಮ್ಮ ಸಿಕ್ಕಿದ್ದು, ನಾನು ಮರೆಯುದಿಲ್ಲ. ಆದರೆ ಅಷ್ಟು ಹೊತ್ತು ನೀವು ಅವರನ್ನೇ ನೋಡ್ತಾ ಕೂತಿದ್ರಿ. ಎಲ್ಲಿಗೆ, ಯಾರ ಮನೆಗೆ, ಒಂದು ಮಾತು ಕೇಳಿದ್ರೆ ಆಗ್ತಿತ್ತು. ಇದು ನಿಮ್ಮ ಹತ್ರವೇ ಇರ್ಲಿ."

ಬೈದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳು ನಾನು ಪೆನ್ಸಿಲು ಮುಟ್ಟಲಿಲ್ಲ. ಬಸ್ಸಿಗೆ ಕಾಯುವಾಗ ನೆಲ ನೋಡುತ್ತಿದ್ದೆ. ಒಂದು ಭಾನುವಾರ ಹೆಂಡತಿಯೇ ಒಂದು ಪೊಟ್ಟಣ ಚಕ್ಕುಲಿ ಕಟ್ಟಿ ಕೊಟ್ಟು, "ಹೋಗಿ ಬನ್ನಿ ಅವರ ಮನೆಗೆ" ಎಂದು ಹೊರಡಿಸಿದಳು. ಐಸಮ್ಮನಿಗೆ ಆಗ ನನ್ನ ಗುರುತೂ ಇರಲಿಲ್ಲ. ನಸೀಮಾಳನ್ನು ಕೇಳಿ, ಐಸಮ್ಮನನ್ನೂ ಕೇಳಿ, ಪುಸ್ತಕ ಬಿಚ್ಚಿ ಎದುರು ಕುಳಿತೆ. ನಾನು ಬಾಯಿ ಮುಚ್ಚಿ ನೋಡುವುದನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು ಅವರು ಗದರಿಸಿದರು: "ಬಾಯಿ ಇಲ್ವಾ ನಿನಗೆ? ಎಂತಾದರೂ ಮಾತಾಡು!"

ಮಾತಾಡಿದೆ. ಅವರೂ ಮಾತಾಡಿದರು. ಆಚೆ ದಡದಿಂದ ಕೂಗಿದರೆ ಬರುತ್ತಿದ್ದ ದೋಣಿಯ ಬಗ್ಗೆ, ಮದುವೆಯ ದಿನ ಅದೇ ಮೆಟ್ಟಿಲು ಹತ್ತಿ ಈಚೆಗೆ ಬಂದದ್ದರ ಬಗ್ಗೆ. ಮಾತಾಡುವ ಮುಖ ಒಂದು ಕ್ಷಣವೂ ನಿಲ್ಲುವುದಿಲ್ಲ. ಚಿತ್ರ ಪೂರ್ತಿ ಕೆಟ್ಟಿತು. ಮುಂದಿನ ವರ್ಷ ಅವರು ತೀರಿಕೊಳ್ಳುವ ತನಕ ಹಾಗೆ ಏಳೆಂಟು ಚಿತ್ರ ಕೆಡಿಸಿದೆ.

ಈಗಲೂ ಬರೆಯುತ್ತೇನೆ. ಪೇಪರಿನ ಮರೆ ಇಲ್ಲ. ಪಕ್ಕದಲ್ಲಿ ಕುಳಿತು, ಮುಖ ಬರೆಯಲಾ ಎಂದು ಕೇಳುತ್ತೇನೆ. ಹೆಚ್ಚಿನವರು ಬೇಡ ಎನ್ನುತ್ತಾರೆ, ಕೆಲವರು ಎದ್ದು ದೂರ ಹೋಗುತ್ತಾರೆ. ಒಪ್ಪಿದವರ ಜೊತೆ ಮಾತಿಗೆ ಕೂರುತ್ತೇನೆ, ಚಿತ್ರ ಹಾಳಾಗುತ್ತದೆ. ಹೊಸ ಪುಸ್ತಕದಲ್ಲಿ ಇರುವುದೆಲ್ಲ ಬಾಯಿ ತೆರೆದ, ಅರ್ಧ ತಿರುಗಿದ, ಒಂದಕ್ಕೊಂದು ಸರಿಹೊಂದದ ಕಣ್ಣಿನ ಮುಖಗಳು. ಒಬ್ಬರದೂ ಹೋಲುವುದಿಲ್ಲ. ಆದರೆ ಪ್ರತಿಯೊಂದು ಮುಖದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಊರಿನ ಹೆಸರಿದೆ. ಅಡೂರು, ಪೈವಳಿಕೆ, ಕುಂಬಳೆ. ಅವತ್ತು ಅವರು ಹೊರಟಿದ್ದ ಊರು.