ಕಡಲಿಗೊಂದು ಚಿಟಿಕೆ ಸುಣ್ಣ

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಬೆಳಿಗ್ಗೆ ಎದ್ದು ಹೆಂಡತಿಯನ್ನು ‘ನಿದ್ದೆ ಬಂತಾ’ ಎಂದು ನಾನು ಕೇಳಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ನಡುಮನೆಯ ಮೂಲೆಯಲ್ಲಿರುವ ಅರವತ್ತು ಲೀಟರ್ ಸಮುದ್ರದ ಕ್ಷೇಮ ವಿಚಾರಿಸದೆ ನಾನು ಹಲ್ಲುಜ್ಜಿದ್ದು, ಈ ಎರಡು ವರ್ಷಗಳಲ್ಲಿ, ಒಂದು ದಿನವೂ ಇಲ್ಲ.

ತುಮಕೂರಿನಲ್ಲಿ ಕೂತು ಸಮುದ್ರ ಸಾಕುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸವಲ್ಲ ಎಂಬುದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಹೆಚ್ಚುಕಡಿಮೆ ಒಂದು ಹಗಲು ಬೇಕು. ನನ್ನದು ಗಾಜಿನ ತೊಟ್ಟಿ. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಮೀನು, ಒಂದಷ್ಟು ಕಲ್ಲು, ಕಲ್ಲಿನ ಮೇಲೆ ಒಂದು ಮೆತ್ತನೆಯ ಹವಳ. ಹವಳವೆಂದರೆ ಉಂಗುರದಲ್ಲಿ ಕೂರುವ ಕೆಂಪು ಮಣಿಯಲ್ಲ, ಜೀವಂತ ಪ್ರಾಣಿ. ಗೊಂಚಲು ಗೊಂಚಲಾಗಿ ಪುಟ್ಟ ಕೈಗಳಂತೆ ಬೆಳೆದು, ಹಸುಗೂಸು ಮುಷ್ಟಿ ಬಿಚ್ಚಿ ಮುಚ್ಚುವ ಹಾಗೆ ಇಡೀ ದಿನ ಬಿಚ್ಚಿ ಮುಚ್ಚುತ್ತಿರುತ್ತದೆ. ನೀರು ಹಿತವಾಗಿರುವವರೆಗೆ ಮಾತ್ರ. ನೀರಿನ ಗುಣ ಸ್ವಲ್ಪ ಆಚೀಚೆಯಾದರೂ ಕೈ ನಿಂತುಬಿಡುತ್ತದೆ.

ದೊಡ್ಡ ಕಡಲಿಗೆ ಈ ತಾಪತ್ರಯವಿಲ್ಲ. ದೊಡ್ಡ ಮನೆಗೆ ಹತ್ತು ಜನ ನೆಂಟರು ಬಂದರೂ ಗೊತ್ತಾಗುವುದಿಲ್ಲ, ಎರಡು ಕೋಣೆಯ ಮನೆಗೆ ಒಬ್ಬರು ಬಂದರೂ ಚಾಪೆ ಹುಡುಕಬೇಕು. ನನ್ನ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೊಂದು ಚೊಂಬು ನೀರು ಆವಿಯಾಗುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹೋದಷ್ಟು ಸಿಹಿನೀರನ್ನು ಮತ್ತೆ ತುಂಬದಿದ್ದರೆ ಸಾರು ಇಂಗಿದ ಹಾಗೆ ಉಪ್ಪಾಗುತ್ತದೆ. ಇದಲ್ಲದೆ ಕ್ಷಾರತೆ ಎಂಬುದೊಂದಿದೆ, ಅದೂ ದಿನದಿನಕ್ಕೆ ಕರಗುತ್ತದೆ. ಅದನ್ನು ಅಳೆಯಲು ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ನೀಲಿ ಬಣ್ಣ ಹಳದಿಯಾಗುವ ತನಕ ಔಷಧದ ಹನಿ ಎಣಿಸಬೇಕು.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಆಮ್ಲ ಬಿದ್ದರೂ ಕ್ಷಾರ ಬಿದ್ದರೂ ತನ್ನ ಗುಣ ಬಿಟ್ಟುಕೊಡದ ದ್ರಾವಣಕ್ಕೆ ಬಫರ್ ಎನ್ನುತ್ತಾರೆ ಎಂದು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಬರೆದು, ಬಸ್ಸು ಹತ್ತಿ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹನಿ ಎಣಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಹವಳದ ಕೈ ನಿಂತಿತು. ಅದಕ್ಕೂ ಮುಂಚೆ ಇಂಥವೇ ಎರಡು ಸತ್ತಿದ್ದವು. ನನ್ನ ಹೆಂಡತಿ ಸುಧಾ ಬ್ಲೌಸ್ ಹೊಲಿಯುವವಳು. ಕಿಟಕಿಯ ಬೆಳಕಿರುವ ಆ ಮೂಲೆ ಮೊದಲು ಅವಳ ಮೆಷಿನ್ನಿನದಾಗಿತ್ತು. ಎರಡನೆಯ ಹವಳ ಸತ್ತ ದಿನ ನಾನೇ ಮಾತು ಕೊಟ್ಟಿದ್ದೆ: ಇನ್ನೊಂದು ಸತ್ತರೆ ತೊಟ್ಟಿ ಖಾಲಿ ಮಾಡುತ್ತೇನೆ, ಮೀನುಗಳನ್ನು ತಂದ ಅಂಗಡಿಗೇ ವಾಪಸು ಕೊಡುತ್ತೇನೆ, ಮೂಲೆ ನಿನಗೆ. ಸುಧಾ ಅದನ್ನು ನೆನಪಿಸಲಿಲ್ಲ. ನೆನಪಿಸದೆ ಇರುವುದರಲ್ಲಿ ಅವಳ ತವರಾದ ಕುಣಿಗಲ್ ಕಡೆಯವರು ಬಹಳ ಗಟ್ಟಿ. ಟೇಪು ಕೊರಳಿಗೆ ಹಾಕಿಕೊಂಡು ತೊಟ್ಟಿಯ ಮುಂದೆ ಎರಡು ಸಲ ಓಡಾಡಿದಳು, ಅಷ್ಟೇ.

ನಾನು ಚಿಕಿತ್ಸೆ ಶುರು ಮಾಡಿದೆ. ಕ್ಷಾರತೆ ಕಡಿಮೆ ಬಂತೆಂದು ಬೆಳಿಗ್ಗೆ ಅಡುಗೆ ಸೋಡ ಕದಡಿ ಹಾಕಿದೆ. ಸಂಜೆ ಜಾಸ್ತಿ ಬಂತೆಂದು ಕಾಲುಭಾಗ ನೀರು ತೆಗೆದು ಹೊಸ ಉಪ್ಪುನೀರು ಹಾಕಿದೆ. ಮರುದಿನ ಮತ್ತೆ ಸೋಡ. ಮದುವೆಯಾದ ಹೊಸತರಲ್ಲಿ ಸುಧಾಗೆ ಜ್ವರ ಬಂದಾಗ ನಾನು ಮಾಡಿದ ಸಾರೂ ಹೀಗೆಯೇ ಆಗಿತ್ತು. ಉಪ್ಪು ಹೆಚ್ಚಾಯಿತೆಂದು ನೀರು, ಸಪ್ಪೆಯಾಯಿತೆಂದು ಉಪ್ಪು. ಇಬ್ಬರಿಗೆಂದು ಇಟ್ಟ ಸಾರನ್ನು ಕೊನೆಗೆ ಅಕ್ಕಪಕ್ಕದ ಮೂರು ಮನೆಗೆ ಹಂಚಿದ್ದೆವು. ಹವಳವನ್ನು ಯಾರಿಗೆ ಹಂಚುವುದು?

ಇದೇ ಹೊತ್ತಿಗೆ ಚೇಳೂರಿನಿಂದ ನನ್ನ ಸೋದರತ್ತೆ ಗೌರತ್ತೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ತಿಂಗಳು ನಮ್ಮಲ್ಲೇ ಇದ್ದು ಚೇತರಿಸಿಕೊಳ್ಳಬೇಕಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು. ಎಲೆ ಅಡಿಕೆಯನ್ನೂ ಸ್ವಲ್ಪ ದಿನ ಬಿಡಿ ಎಂದೆ.

“ಆಪರೇಷನ್ ಆಗಿರೋದು ಕಣ್ಗೆ ಕಣ್ಲಾ, ಬಾಯ್ಗಲ್ಲ” ಎಂದರು.

ಕಪ್ಪು ಕನ್ನಡಕ ಹಾಕಿಕೊಂಡು ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡರು. ಅಡಿಕೆ ಕುಟ್ಟುತ್ತಾ ನನ್ನ ಓಡಾಟವನ್ನು ಎರಡು ದಿನ ನೋಡಿ, ಮೂರನೆಯ ದಿನ ಕೇಳಿದರು: “ಅಲ್ಲ ಕಣೋ, ನೀನು ಮೀನು ಸಾಕಿದೀಯೋ, ನೀರು ಸಾಕಿದೀಯೋ?”

ಪ್ರಶ್ನೆ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಮೌಲ್ಯಮಾಪನದ ಆದೇಶ ಬಂತು, ಆರು ದಿನ ಬೆಂಗಳೂರು. ಹೊರಡುವ ಮುನ್ನ ತೊಟ್ಟಿಯ ಬಗ್ಗೆ ನಾಲ್ಕು ಪುಟ ಸೂಚನೆ ಬರೆದು ಫ್ರಿಜ್ಜಿಗೆ ಅಂಟಿಸಿದೆ. ‘ತಾಮ್ರದ ಚೊಂಬು ಸೋಕಿಸಲೇಬಾರದು’ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದೆ, ಯಾಕೆಂದರೆ ತಾಮ್ರ ಹವಳಕ್ಕೆ ವಿಷ. ಸುಧಾ ಓದಿ, “ಅತ್ತೆ, ದಿನಾ ಸ್ಟೀಲ್ ಚೊಂಬಲ್ಲಿ ಈ ಗೆರೆ ತನಕ ಫಿಲ್ಟರ್ ನೀರು ಹಾಕ್ಬೇಕಂತೆ” ಎಂದಳು. ನಾಲ್ಕು ಪುಟ ಒಂದು ಸಾಲಾಯಿತು. ಚೊಂಬಿನ ಜವಾಬ್ದಾರಿಯನ್ನು ಅತ್ತೆ ವಹಿಸಿಕೊಂಡರು. ಮಾಡಲು ಬೇರೆ ಕೆಲಸವನ್ನು ಯಾರೂ ಅವರಿಗೆ ಕೊಟ್ಟಿರಲಿಲ್ಲ.

ಮೊದಲ ದಿನವೇ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಸುಧಾ, “ನೀರು ನೀರಾಗೇ ಇದೆ ಕಣ್ರೀ. ಅಲ್ಲಿ ಪೇಪರ್ ನೋಡಿ, ಮಕ್ಳು ಪಾಪ” ಎಂದಳು. ನೋಡಿದೆ. ಬಫರ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಯಾವುದೋ ಪುಣ್ಯಾತ್ಮ ‘ಯಾರು ಏನು ಹಾಕಿದರೂ ತಲೆ ಕೆಡಿಸಿಕೊಳ್ಳದ ದ್ರಾವಣ’ ಎಂದು ಬರೆದಿದ್ದ. ಒಂದು ಅಂಕ ಕೊಟ್ಟೆ.

ಆರನೆಯ ದಿನ ಸಂಜೆ ಬಾಗಿಲಲ್ಲೇ ಬ್ಯಾಗು ಬಿಟ್ಟು ತೊಟ್ಟಿಯ ಹತ್ತಿರ ಓಡಿದೆ. ಕೈಗಳು ಆಡುತ್ತಿದ್ದವು! ಒಂದೆರಡಲ್ಲ, ಇಡೀ ಗೊಂಚಲು. ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು. ನನ್ನ ಕಣ್ಣು ಒದ್ದೆಯಾಯಿತು ಎಂದರೆ ನೀವು ನಗುತ್ತೀರಿ, ಆದ್ದರಿಂದ ಹೇಳುವುದಿಲ್ಲ. ಆಮೇಲೆ ಕಂಡಿತು: ಪಕ್ಕದ ಸ್ಟೀಲ್ ಚೊಂಬಿನ ತಳದಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿದೆ.

“ಅತ್ತೆ, ಇದೇನು?”

“ಸುಣ್ಣ.”

“ಸುಣ್ಣಾನಾ! ತೊಟ್ಟೀಗೆ ಹಾಕಿದ್ರಾ?”

“ಯಾಕಂಗೆ ಕಿರುಚ್ತೀಯ? ನಾನ್ ಎಲೆ ಹಾಕ್ಕೊಳ್ಳೋವಾಗ ಅದು ಎದುರ್ಗೇ ಕೈ ಚಾಚ್ಕೊಂಡು ಕೂತಿರ್ತದೆ. ಎದುರ್ಗಿರೋರ್ಗೆ ಕೊಡ್ದೆ ಒಬ್ಳೇ ಹಾಕ್ಕೊಳ್ಳಕಾಯ್ತದಾ? ಎಲೆ ಅಡಿಕೆ ಅದ್ಕೆ ಜೀರ್ಣ ಆಗಲ್ಲ ಅಂತ ಒಂದು ಚಿಟಿಕೆ ಸುಣ್ಣ ಮಾತ್ರ ನೀರ್ಗೆ ಕದಡಿ, ತಿಳಿ ಆದ್ಮೇಲೆ ನಿಧಾನಕ್ಕೆ ಬುಟ್ಟೆ.”

ಅವರ ಊರಿನ ಜಗಲಿಯಲ್ಲಿ ಅಡಿಕೆ ಕುಟ್ಟುವ ಸದ್ದಿಗೇ ಪಕ್ಕದ ಮನೆಯವರು ಬಂದು ಕೂರುತ್ತಾರೆ, ಸುಣ್ಣದ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಎಲೆ ಹಾಕುವವರಿಲ್ಲ. ಹವಳವೊಂದೇ ಜೊತೆಗಿತ್ತು.

ನಳಿಗೆ ತಂದು ಹನಿ ಎಣಿಸಿದೆ. ಕ್ಷಾರತೆ ಎಲ್ಲಿರಬೇಕೋ ಅಲ್ಲೇ ಇತ್ತು. ನಂಬದೆ ಇನ್ನೊಮ್ಮೆ ಎಣಿಸಿದೆ. ಆಗ ನೆನಪಾಯಿತು: ದಿನದ ಸಿಹಿನೀರಿನ ಜೊತೆ ಸುಣ್ಣದ ತಿಳಿ ಹಾಕುವುದು ಹವಳ ಸಾಕುವವರ ಹಳೆಯ ಪದ್ಧತಿಯೇ. ನಾನೂ ಓದಿದ್ದೆ, ಓದಿ ಹೆದರಿ ಬಿಟ್ಟಿದ್ದೆ. ಸುಣ್ಣದ ತಿಳಿಗೆ ಉಸಿರು ಊದಿ ಹಾಲಿನಂತೆ ಮಾಡಿ ತೋರಿಸುವುದು ಪ್ರತಿವರ್ಷ ನನ್ನದೇ ಲ್ಯಾಬಿನ ಕೆಲಸ.

ಬದುಕಿದ್ದು ಸುಣ್ಣದಿಂದಲೋ, ಆರು ದಿನದ ನನ್ನ ಗೈರುಹಾಜರಿಯಿಂದಲೋ, ಇಂದಿಗೂ ತೀರ್ಮಾನವಾಗಿಲ್ಲ. ಎರಡನೆಯದರ ಪರವಾಗಿ ಮನೆಯಲ್ಲಿ ಬಹುಮತವಿದೆ. ‘ತಲೆ ಕೆಡಿಸಿಕೊಳ್ಳದ ದ್ರಾವಣ’ ಎಂದು ಬರೆದ ಆ ಹುಡುಗನಿಗೆ ಎರಡು ಅಂಕವನ್ನೂ ಕೊಡಬೇಕಿತ್ತು.

ಅತ್ತೆ ಹೊರಡುವ ದಿನ ಚಿಟಿಕೆಯನ್ನು ತಕ್ಕಡಿಯಲ್ಲಿ ತೂಗಿಕೊಳ್ಳಲು ಹೋದೆ. “ಎಲೇಗ್ ಸವರೋವಷ್ಟು ಕಣ್ಲಾ. ದಿನಾ ಅಷ್ಟೇ, ಅದೇ ಹೊತ್ಗೆ. ಇವತ್ತು ಮರೆತೆ ಅಂತ ನಾಳೆ ಎರಡರಷ್ಟು ಹಾಕ್ಬೇಡ, ಬಾಯಿ ಸುಟ್ಕೊಂತದೆ” ಎಂದು ತಮ್ಮ ಡಬ್ಬಿಯಿಂದಲೇ ಸ್ವಲ್ಪ ಸುಣ್ಣ ತೆಗೆದು ಕೊಟ್ಟರು. ಸುಧಾ ಮೆಷಿನ್ನನ್ನು ಎಳೆದು ತಂದು ತೊಟ್ಟಿಗೆ ಒತ್ತಿ ಇಟ್ಟುಕೊಂಡಿದ್ದಾಳೆ. ತೊಟ್ಟಿಯ ದೀಪ ಸೂಜಿಗೆ ದಾರ ಪೋಣಿಸಲು ಚೆನ್ನಾಗಿದೆಯಂತೆ.

ನಾನೀಗ ಹನಿ ಎಣಿಸುವುದು ಭಾನುವಾರ ಮಾತ್ರ. ಮಿಕ್ಕ ದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಚೇಳೂರಿನಿಂದ ಫೋನು.

“ಕೊಟ್ಟೇನ್ಲಾ?”

“ಕೊಟ್ಟೆ ಅತ್ತೆ.”

“ಇಸ್ಕೊಂತಾ?”

“ಇಸ್ಕೊಂತು.”

“ಹಂಗಾದ್ರೆ ಅದ್ರ ಮುಂದೆ ನಿಂತ್ಕೋಬ್ಯಾಡ, ಕಾಲೇಜಿಗೆ ಹೋಗು.”

ಹೊರಡುತ್ತೇನೆ. ಬಾಗಿಲ ತನಕ ಹೋಗಿ, ಒಂದೇ ಒಂದು ಸಲ ತಿರುಗಿ ನೋಡುತ್ತೇನೆ. ಅಲ್ಲಿ ನೂರು ಕೈಗಳು ಬಿಚ್ಚಿ ಮುಚ್ಚುತ್ತಿರುತ್ತವೆ. ಕರೆಯುತ್ತಿವೆ ಎಂದು ಮೊದಲು ಅಂದುಕೊಳ್ಳುತ್ತಿದ್ದೆ. ಹೋಗಿ ಬಾ ಎನ್ನುತ್ತಿವೆ ಎಂದು ಈಗ ನಂಬಿದ್ದೇನೆ.